ಓಡಿ ನಿಂತು ಓಡಿದರೆ ಬೊಜ್ಜು ಕರಗೀತೇ?

ಕಳೆದ ವರ್ಷದ ಆಷಾಢದ ಒಂದು ಬೆಳಿಗ್ಗೆ. ಅಜ್ಜಂಪುರದ ಕಡೆಯ ನಮ್ಮ ಪ್ರೌಢಶಾಲೆಯ ಅಂಗಳದಲ್ಲಿ ಪ್ರಾರ್ಥನೆ ನಡೆದಿತ್ತು. ನಾಡಗೀತೆ ಮುಗಿಯುವಷ್ಟರಲ್ಲಿ ಹತ್ತನೇ ತರಗತಿಯ ಸಾಲಿನಲ್ಲಿ ನಿಂತಿದ್ದ ಹುಡುಗಿಯೊಬ್ಬಳು ದಿಢೀರನೆ ಕುಸಿದಳು. ನೆರಳಿಗೆ ಕರೆತಂದು, ಕಾಲು ಎತ್ತರಿಸಿ ಮಲಗಿಸಿದೆವು. ಎರಡು ನಿಮಿಷದಲ್ಲಿ ಕಣ್ಣು ಬಿಟ್ಟಳು. "ಬೆಳಿಗ್ಗೆ ಏನು ತಿಂದೆಯಮ್ಮಾ?" ಎಂದು ಕೇಳಿದರೆ ಉತ್ತರವಿಲ್ಲ. ಪಕ್ಕದ ಗೆಳತಿ ಬಾಯಿ ಬಿಟ್ಟಳು: "ಸಾರ್, ಇವಳು ಹದಿನೈದು ದಿನದಿಂದ ತಿಂಡೀನೇ ತಿಂತಿಲ್ಲ. ದಿನಾ ಬೆಳಿಗ್ಗೆ ನಾಲ್ಕು ನಿಮಿಷದ ಆ ಎಕ್ಸರ್‌ಸೈಜ್ ಮಾಡ್ತಾಳೆ. ನೀವೇ ಹೇಳಿದ್ರಲ್ಲ ಸಾರ್."

ಹೌದು, ನಾನೇ ಹೇಳಿದ್ದೆ. ಜೀವಕ್ರಿಯೆಗಳ ಪಾಠದಲ್ಲಿ ಸ್ನಾಯುವಿನೊಳಗೆ ಲ್ಯಾಕ್ಟಿಕ್ ಆಮ್ಲ ಹುಟ್ಟುವ ಬಗೆಯನ್ನು ವಿವರಿಸುವಾಗ, ಮಕ್ಕಳ ಕುತೂಹಲ ಕೆರಳಲಿ ಎಂದು ಜಪಾನಿನ ನಾಲ್ಕು ನಿಮಿಷದ ಕಸರತ್ತಿನ ಕಥೆ ಸೇರಿಸಿದ್ದೆ. ಕಥೆಯ ಅರ್ಧ ಮಾತ್ರ ಹೇಳಿದ್ದೆ ಎಂಬುದು ಆಮೇಲೆ ಹೊಳೆಯಿತು. ಮಿಕ್ಕರ್ಧವನ್ನು ಹುಡುಗಿ ಮನೆಯ ಮೊಬೈಲಿನಲ್ಲಿ ನೋಡಿ ತುಂಬಿಕೊಂಡಿದ್ದಳು.

ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ಹಿಮೋಗ್ಲೋಬಿನ್ 8.2 ಗ್ರಾಂ. ಆ ವಯಸ್ಸಿನ ಹೆಣ್ಣುಮಕ್ಕಳಿಗೆ ಕನಿಷ್ಠ 12 ಇರಬೇಕು. ತೂಕ 51 ಕಿಲೋ, ಎತ್ತರ 155 ಸೆಂಟಿಮೀಟರ್. ಯಾವ ಕೋಷ್ಟಕದಲ್ಲಿ ನೋಡಿದರೂ ಅವಳು ದಪ್ಪವಲ್ಲ! ಓಡಿಬಂದ ತಾಯಿ ನನ್ನನ್ನು ಬೈಯಲಿಲ್ಲ. "ಅತ್ತೆ ಮನೆಯೋರು ಮದುವೇಲಿ ಗುಂಡಮ್ಮ ಅಂದ್ರು ಮೇಷ್ಟ್ರೇ, ಅವತ್ತಿಂದ ಹಿಂಗೆ. ನಾನೂ ಸುಮ್ನಿದ್ದೆ" ಎಂದರು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು.

ಈ ಲೇಖನ ಆ ಪಾಠದ ಮಿಕ್ಕರ್ಧ.

ಯಾವುದಿದು 'ಹಿಟ್'?

ಹೈ ಇಂಟೆನ್ಸಿಟಿ ಇಂಟರ್‌ವಲ್ ಟ್ರೈನಿಂಗ್ ಎಂಬ ಉದ್ದನೆಯ ಹೆಸರನ್ನು ಎಚ್‌ಐಐಟಿ ಎಂದು ಬರೆದು 'ಹಿಟ್' ಎಂದು ಓದುತ್ತಾರೆ. ಇಂಟರ್‌ವಲ್ ಎಂದರೆ ನಮ್ಮ ತಲೆಮಾರಿನವರಿಗೆ ಟಾಕೀಸಿನ ಕಡಲೆಕಾಯಿ ನೆನಪಾಗುತ್ತದೆ. ಇಲ್ಲೂ ಅರ್ಥ ಅದೇ, ನಡುವಿನ ಬಿಡುವು. ಸ್ವಲ್ಪ ಹೊತ್ತು ಬಿರುಸಾಗಿ ಓಡುವುದು, ಆಮೇಲೆ ನಿಧಾನಿಸುವುದು, ಮತ್ತೆ ಓಡುವುದು. ಒಂದೇ ಸಮನೆ ಓಡಿದರೆ ಬೇಗ ಸೋಲುವ ದೇಹ, ಬಿಡುವು ಸಿಕ್ಕರೆ ಆ ಬಿರುಸಿನ ಕೆಲಸವನ್ನು ಒಟ್ಟಿನಲ್ಲಿ ಹೆಚ್ಚು ಹೊತ್ತು ಮಾಡಬಲ್ಲದು.

ಇದು ಹೊಸದೇನಲ್ಲ. ಜೆಕೊಸ್ಲೊವಾಕಿಯದ ಎಮಿಲ್ ಝಾಟೊಪೆಕ್ ಹೀಗೆಯೇ 400 ಮೀಟರ್‌ಗಳ ತುಂಡುಗಳಲ್ಲಿ ಓಡಿ ಓಡಿ ಅಭ್ಯಾಸ ಮಾಡಿ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್ ಮತ್ತು ಮ್ಯಾರಥಾನ್ ಮೂರನ್ನೂ ಗೆದ್ದ. ಅಷ್ಟು ದೂರ ಹೋಗುವುದೇಕೆ? ನಮ್ಮ ಕಬಡ್ಡಿಯನ್ನೇ ನೋಡಿ. ದಾಳಿಗೆ ಹೋದವನಿಗೆ 30 ಸೆಕೆಂಡು. ಜೀವ ಬಿಟ್ಟು ಆಡಿ ಬಂದು ನಿಂತರೆ ಮುಂದಿನ ಸರದಿಯವರೆಗೆ ಬಿಡುವು. ಖೊಖೊದಲ್ಲಿ 'ಖೊ' ಸಿಕ್ಕವನು ಎದ್ದು ಬೆನ್ನಟ್ಟುತ್ತಾನೆ, ಇನ್ನೊಬ್ಬನಿಗೆ 'ಖೊ' ಕೊಟ್ಟು ಕೂರುತ್ತಾನೆ. 'ಹಿಟ್' ಎಂಬ ಹೆಸರು ಕೇಳುವ ಮೊದಲೇ ನಮ್ಮ ಮಕ್ಕಳು ಅದನ್ನು ಧೂಳಿನಲ್ಲಿ ಆಡುತ್ತಿದ್ದರು.

ಉಸಿರಿನಲ್ಲಿ ಹೋಗುವ ಕೊಬ್ಬು

ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ. ಒಬ್ಬರು ಹತ್ತು ಕಿಲೋ ಕೊಬ್ಬು ಕಳೆದುಕೊಂಡರೆ ಆ ಹತ್ತು ಕಿಲೋ ಹೋಗುವುದೆಲ್ಲಿಗೆ? ನನ್ನ ತರಗತಿಯಲ್ಲಿ ಬಂದ ಉತ್ತರಗಳು: ಬೆವರಾಗಿ, ಶಾಖವಾಗಿ, 'ಶಕ್ತಿಯಾಗಿ'. ದ್ರವ್ಯ ಸಂರಕ್ಷಣೆಯ ನಿಯಮ ಓದಿದವರು ಹೀಗೆ ಹೇಳಬಾರದು! ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಇದೇ ಪ್ರಶ್ನೆಯನ್ನು ವೈದ್ಯರಿಗೆ, ಆಹಾರತಜ್ಞರಿಗೆ, ವ್ಯಾಯಾಮ ಕಲಿಸುವವರಿಗೆ ಕೇಳಿದಾಗ ಬಹುಪಾಲು ಮಂದಿ ಕೊಟ್ಟದ್ದೂ ತಪ್ಪು ಉತ್ತರವೇ.

ನಮ್ಮ ಮೈಯ ಕೊಬ್ಬಿನ ಸರಾಸರಿ ಅಣುಸೂತ್ರದಲ್ಲಿ 55 ಇಂಗಾಲ, 104 ಹೈಡ್ರೋಜನ್, 6 ಆಕ್ಸಿಜನ್ ಪರಮಾಣುಗಳಿವೆ. ಅಂಥ ಒಂದು ಅಣು ಉರಿಯಲು ಆಕ್ಸಿಜನ್ನಿನ 78 ಅಣುಗಳು ಬೇಕು. ಹುಟ್ಟುವುದು ಕಾರ್ಬನ್ ಡೈಆಕ್ಸೈಡಿನ 55 ಅಣುಗಳು, ನೀರಿನ 52 ಅಣುಗಳು. ಸಮೀಕರಣ ಸರಿದೂಗುತ್ತದೋ ಇಲ್ಲವೋ ಕಾಗದ ತೆಗೆದು ನೋಡಿಕೊಳ್ಳಿ. ಲೆಕ್ಕ ಮುಗಿಸಿದರೆ ಹತ್ತು ಕಿಲೋ ಕೊಬ್ಬಿನಲ್ಲಿ 8.4 ಕಿಲೋ ಮೂಗಿನಿಂದಲೇ ಹೊರಗೆ ಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಅಂದಮೇಲೆ ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಬೆವರಿಳಿಸುವುದು, ಹೊಟ್ಟೆಗೆ ಬೆಲ್ಟ್ ಬಿಗಿಯುವುದು ಎಲ್ಲ ವ್ಯರ್ಥ. ಬೆವರಾಗಿ ಇಳಿದ ತೂಕ ಎರಡು ಲೋಟ ನೀರಿಗೆ ಮರಳಿ ಬರುತ್ತದೆ.

ಈಗ ಬಿರುಸಿನ ಓಟಕ್ಕೆ ಬರೋಣ. ಸ್ನಾಯುವಿನ ನೇರ ಇಂಧನ ಎಟಿಪಿ. ಅದರ ದಾಸ್ತಾನು ಕೆಲವೇ ಸೆಕೆಂಡುಗಳಿಗೆ ಸಾಕು. ಅದನ್ನು ಮರುಪೂರಣ ಮಾಡುವ ಕ್ರಿಯಾಟಿನ್ ಫಾಸ್ಫೇಟ್ ಸುಮಾರು ಹತ್ತು ಸೆಕೆಂಡು ಕೈಹಿಡಿಯುತ್ತದೆ. ಅಲ್ಲಿಂದ ಮುಂದೆ ಸಕ್ಕರೆ ಆಕ್ಸಿಜನ್ನಿಗೆ ಕಾಯದೆ ಒಡೆದು ಲ್ಯಾಕ್ಟಿಕ್ ಆಮ್ಲದ ಹಾದಿ ಹಿಡಿಯುತ್ತದೆ. ಗಮನಿಸಿ: ಬಿರುಸಾಗಿ ಓಡುವ ಆ ಅರ್ಧ ನಿಮಿಷದಲ್ಲಿ ಉರಿಯುವುದು ಮುಖ್ಯವಾಗಿ ಸಕ್ಕರೆ, ಕೊಬ್ಬಲ್ಲ! ಹಾಗಾದರೆ ಕೊಬ್ಬು ಕರಗುವುದು ಯಾವಾಗ? ಬಿಡುವಿನಲ್ಲಿ, ಆಮೇಲಿನ ಗಂಟೆಗಳಲ್ಲಿ, ಮತ್ತು ದಿನದ ಒಟ್ಟು ಖರ್ಚು ಊಟದ ಆದಾಯಕ್ಕಿಂತ ಹೆಚ್ಚಾದಾಗ. ದೇಹವೂ ಒಂದು ಅಂಗಡಿಯಂತೆ. ಯಾವ ಗಲ್ಲಾಪೆಟ್ಟಿಗೆಯಿಂದ ಹಣ ಹೋಯಿತು ಎಂಬುದಕ್ಕಿಂತ ಸಂಜೆಯ ಲೆಕ್ಕ ಮುಖ್ಯ.

'ವ್ಯಾಯಾಮ ಮುಗಿದ ಮೇಲೂ 24 ಗಂಟೆ ಕೊಬ್ಬು ಉರಿಯುತ್ತಲೇ ಇರುತ್ತದೆ' ಎಂಬ ಜಾಹೀರಾತು ನೀವೂ ನೋಡಿರುತ್ತೀರಿ. ಸುಳ್ಳಲ್ಲ, ಆದರೆ ಉಬ್ಬಿಸಿದ ಮಾತು. ಆ ಬಾಲದ ಖರ್ಚು ವ್ಯಾಯಾಮದ ಖರ್ಚಿನ ಶೇಕಡ 6ರಿಂದ 15ರಷ್ಟು ಮಾತ್ರ. ಇಪ್ಪತ್ತು ನಿಮಿಷದ 'ಹಿಟ್'ನಲ್ಲಿ ನನ್ನಂಥ 76 ಕಿಲೋ ಆಸಾಮಿಗೆ ಸುಮಾರು 200 ಕಿಲೋಕ್ಯಾಲರಿ ಖರ್ಚಾದರೆ, ಬಾಲದ ಲಾಭ ಹೆಚ್ಚೆಂದರೆ 30. ಅಂದರೆ ಒಂದು ಲೋಟ ಟೀಗೆ ಹಾಕುವ ಸಕ್ಕರೆ.

ಎರಡು ಊರು, ಎರಡು ಲೆಕ್ಕ

ತರಗತಿಯಲ್ಲಿ ನಾನು ಹೇಳಿದ ನಾಲ್ಕು ನಿಮಿಷದ ಕಥೆ ದಕ್ಷಿಣ ಜಪಾನಿನ ಕಾನೋಯಾ ಎಂಬ ಊರಿನದು. ಅಲ್ಲಿನ ಕ್ರೀಡಾ ಸಂಸ್ಥೆಯ ಇಝುಮಿ ತಬಾಟ 1996ರಲ್ಲಿ ಪ್ರಕಟಿಸಿದ ಪ್ರಯೋಗ. 20 ಸೆಕೆಂಡು ಪ್ರಾಣ ಹೋಗುವಂತೆ ಸೈಕಲ್ ತುಳಿ, 10 ಸೆಕೆಂಡು ನಿಲ್ಲು. ಹೀಗೆ ಏಳೆಂಟು ಸಲ. ಆರು ವಾರದಲ್ಲಿ ಆಕ್ಸಿಜನ್ ಬಳಸುವ ಸಾಮರ್ಥ್ಯವೂ ಏರಿತು, ಆಕ್ಸಿಜನ್ ಇಲ್ಲದೆ ದುಡಿಯುವ ಸಾಮರ್ಥ್ಯವೂ ಶೇಕಡ 28ರಷ್ಟು ಏರಿತು. ದಿನಕ್ಕೆ ಒಂದು ಗಂಟೆ ಸಾಧಾರಣ ವೇಗದಲ್ಲಿ ತುಳಿದವರಿಗೆ ಎರಡನೆಯ ಲಾಭ ಸಿಗಲಿಲ್ಲ. ಅದ್ಭುತವೇ ಸರಿ. ಆದರೆ ತುಳಿದವರು ಯಾರು? ಮೊದಲೇ ಪಳಗಿದ ಕ್ರೀಡಾ ವಿದ್ಯಾರ್ಥಿಗಳು. ಮೂಲದಲ್ಲಿ ಈ ಕ್ರಮ ಜಪಾನಿನ ಸ್ಪೀಡ್ ಸ್ಕೇಟಿಂಗ್ ತಂಡದ್ದು. ಮತ್ತೆ, ನಾನು ಹೇಳದೆ ಬಿಟ್ಟ ಮುಖ್ಯ ಮಾತು: ಆ ಪ್ರಯೋಗ ಬೊಜ್ಜು ಕರಗಿಸಲು ಮಾಡಿದ್ದೇ ಅಲ್ಲ. ಮೊಬೈಲಿನಲ್ಲಿ ಕುಣಿದು ಕುಪ್ಪಳಿಸುವ ನಾಲ್ಕು ನಿಮಿಷಕ್ಕೆ ಅದೇ ಹೆಸರಿಟ್ಟು 'ಹೊಟ್ಟೆ ಕರಗುತ್ತದೆ' ಎನ್ನುವವರು ಪಾಯಸದ ಹೆಸರಿಟ್ಟು ಗಂಜಿ ಬಡಿಸುತ್ತಿದ್ದಾರೆ.

ಇನ್ನೊಂದು ಊರು ಅದೇ ಜಪಾನಿನ ಬೆಟ್ಟಗಳ ನಡುವಿನ ಮತ್ಸುಮೊಟೊ. ಅಲ್ಲಿನ ಶಿನ್‌ಶು ವಿಶ್ವವಿದ್ಯಾಲಯದವರು ಅರವತ್ತರ ಆಸುಪಾಸಿನವರನ್ನು ಐದು ತಿಂಗಳು ನಡೆಸಿದರು. ಓಟವಿಲ್ಲ. ಮೂರು ನಿಮಿಷ ಬಿರುಸು ನಡಿಗೆ, ಮೂರು ನಿಮಿಷ ನಿಧಾನ ನಡಿಗೆ, ಹೀಗೆ ಐದು ಸುತ್ತು, ವಾರಕ್ಕೆ ನಾಲ್ಕು ದಿನ. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದೇ ಸಮನೆ ನಡೆದವರಿಗಿಂತ ಇವರ ತೊಡೆಯ ಬಲ, ಉಸಿರಿನ ಸಾಮರ್ಥ್ಯ, ರಕ್ತದೊತ್ತಡ ಎಲ್ಲ ಚೆನ್ನಾಗಿ ಸುಧಾರಿಸಿದ್ದವು. ಇದೇ ಕ್ರಮವನ್ನು ಕೋಪನ್‌ಹೇಗನ್ನಿನಲ್ಲಿ ಸಕ್ಕರೆ ಕಾಯಿಲೆಯವರ ಮೇಲೆ ಪ್ರಯೋಗಿಸಿದರು. ನಾಲ್ಕು ತಿಂಗಳು, ವಾರಕ್ಕೆ ಐದು ದಿನ, ದಿನಕ್ಕೊಂದು ಗಂಟೆ. 2013ರಲ್ಲಿ ಬಂದ ವರದಿಯ ಪ್ರಕಾರ ಬಿಟ್ಟು ಬಿಟ್ಟು ಬಿರುಸಾಗಿ ನಡೆದವರು ಸರಾಸರಿ ನಾಲ್ಕು ಕಿಲೋಗೂ ಹೆಚ್ಚು ಇಳಿದರು. ಒಂದೇ ವೇಗದಲ್ಲಿ ನಡೆದವರು, ಅಷ್ಟೇ ಶಕ್ತಿ ಖರ್ಚು ಮಾಡಿದರೂ, ಇಳಿಯಲಿಲ್ಲ.

ಇವೆರಡರ ನಡುವೆ ಇನ್ನೂ ಹಲವು ಬಗೆಗಳಿವೆ. ಸಿಡ್ನಿಯಲ್ಲಿ ಯುವತಿಯರು 8 ಸೆಕೆಂಡು ಬಿರುಸು, 12 ಸೆಕೆಂಡು ನಿಧಾನದಂತೆ 20 ನಿಮಿಷ ಸೈಕಲ್ ತುಳಿದು, 15 ವಾರದಲ್ಲಿ ಸುಮಾರು ಎರಡೂವರೆ ಕಿಲೋ ಕೊಬ್ಬು ಇಳಿಸಿದರು. ಅದು 2008ರ ವರದಿ. ನಾರ್ವೆಯವರದು ನಾಲ್ಕು ನಿಮಿಷದ ನಾಲ್ಕು ಓಟ. ಅದು ಹೃದಯದ ಸಾಮರ್ಥ್ಯಕ್ಕೆ ಹೆಸರಾದದ್ದು. ಇಂಥ ಹದಿಮೂರು ಪ್ರಯೋಗಗಳನ್ನು ಒಟ್ಟಿಗೆ ಸೇರಿಸಿ ತೂಗಿದ 2017ರ ವಿಮರ್ಶೆಯೊಂದು, ಬೊಜ್ಜು ಇಳಿಸುವುದರಲ್ಲಿ 'ಹಿಟ್'ಗೂ ಸಾಧಾರಣ ವೇಗದ ಸತತ ವ್ಯಾಯಾಮಕ್ಕೂ ವ್ಯತ್ಯಾಸವಿಲ್ಲ ಎಂದಿತು. ಉಳಿತಾಯವಾಗುವುದು ಸಮಯ, ಸುಮಾರು ಶೇಕಡ 40ರಷ್ಟು. ಪುರುಸೊತ್ತಿಲ್ಲದವರಿಗೆ ಅದು ಸಣ್ಣ ಲಾಭವಲ್ಲ. ಪವಾಡವಂತೂ ಅಲ್ಲ.

ಎದೆಯ ಮಾತು

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡಾಗ, ನಮ್ಮ ಊರುಗಳಲ್ಲಿ ಜಿಮ್ ಬಿಟ್ಟವರು ಅನೇಕರು. 2025ರ ಬೇಸಿಗೆ ಕಳೆಯುವ ಹೊತ್ತಿಗೆ ನೆರೆಯ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಬಂದು, ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಅಲ್ಲಿ ಹೃದಯಾಘಾತಗಳು ಅಸಹಜವಾಗಿ ಏರಿಲ್ಲವೆಂದು ವರದಿ ಕೊಟ್ಟಿತು. ಆದರೂ ಕಡೂರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇವತ್ತಿಗೂ ಎರಡೇ ಬಗೆಯ ಮಾತು. ವ್ಯಾಯಾಮ ಮಾಡಿದರೆ ಎದೆ ಒಡೆಯುತ್ತದೆ ಎನ್ನುವವರು, ಮಾಡದಿದ್ದರೆ ಒಡೆಯುತ್ತದೆ ಎನ್ನುವವರು.

ಇಬ್ಬರಿಗೂ ಸಲ್ಲುವ ಒಂದು ಹಳೆಯ ಅಧ್ಯಯನವಿದೆ. 1993ರಲ್ಲಿ ಅಮೆರಿಕದಲ್ಲಿ ಹೃದಯಾಘಾತವಾದವರನ್ನು ವಿಚಾರಿಸಿದರು: ಅದಕ್ಕೆ ಒಂದು ಗಂಟೆ ಮುಂಚೆ ಏನು ಮಾಡುತ್ತಿದ್ದಿರಿ? ವಾರಕ್ಕೆ ಐದು ದಿನವಾದರೂ ಬಿರುಸಿನ ಶ್ರಮ ಮಾಡುವವರಿಗೆ, ಶ್ರಮದ ಆ ಒಂದು ಗಂಟೆಯಲ್ಲಿ ಅಪಾಯ ಎರಡೂವರೆ ಪಟ್ಟಿನೊಳಗೇ ಇತ್ತು. ವಾರಕ್ಕೊಮ್ಮೆಯೂ ಮೈ ಬಗ್ಗಿಸದವರು ಒಮ್ಮೆಲೇ ಬಿರುಸಿನ ಶ್ರಮಕ್ಕೆ ಇಳಿದರೆ ಅದೇ ಅಪಾಯ ನೂರು ಪಟ್ಟಿಗೂ ಮಿಕ್ಕು! ಯಾವುದೇ ಒಂದು ಗಂಟೆಯಲ್ಲಿ ಹೃದಯಾಘಾತವಾಗುವ ಸಂಭವ ತೀರಾ ಸಣ್ಣದು, ಆದ್ದರಿಂದ ನೂರು ಪಟ್ಟು ಎಂದೊಡನೆ ಗಾಬರಿ ಬೇಡ. ಆದರೆ ಹತ್ತು ವರ್ಷ ಕುರ್ಚಿಯಲ್ಲಿ ಕೂತ ತಂದೆ, ಮಗನ ಜೊತೆ ಪಂತ ಕಟ್ಟಿ ಸೋಮವಾರ ಬೆಳಿಗ್ಗೆ ಕಾನೋಯಾದ ಲೆಕ್ಕ ಶುರು ಮಾಡಬಾರದು ಎನ್ನಲು ಇಷ್ಟು ಸಾಕು.

ನಲವತ್ತು ದಾಟಿದವರು, ಬಿ.ಪಿ., ಸಕ್ಕರೆ, ಬೀಡಿ-ಸಿಗರೇಟು ಇದ್ದವರು, ಮನೆತನದಲ್ಲಿ ಎಳೆಯ ವಯಸ್ಸಿಗೇ ಹೃದಯಾಘಾತವಾದವರಿದ್ದರೆ ಅಂಥವರು ಮೊದಲು ವೈದ್ಯರ ಮುಂದೆ ಕೂರಬೇಕು. ನಡೆಯುವಾಗ ಎದೆ ಬಿಗಿದರೆ, ದವಡೆ ಅಥವಾ ಎಡತೋಳು ಸೆಳೆದರೆ, ತಣ್ಣನೆಯ ಬೆವರು ಬಂದರೆ ನಿಲ್ಲಿಸಿ ನೇರ ಆಸ್ಪತ್ರೆಗೆ ಹೋಗಬೇಕು. ನಮ್ಮಲ್ಲಿ 'ಗ್ಯಾಸ್ಟ್ರಿಕ್' ಎಂದು ಜೀರಿಗೆ ಸೋಡಾ ಕುಡಿದು ಮಲಗುವ ಅಭ್ಯಾಸವಿದೆ. ಅದರ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಹಾಗೆ ಮಲಗಿದವರು ಏಳಲಿಲ್ಲ.

ನಾನು ಆರಿಸಿಕೊಂಡದ್ದು

ಹುಡುಗಿಯನ್ನು ಕರೆದೊಯ್ದ ದಿನವೇ, ಅದೇ ಆಸ್ಪತ್ರೆಯಲ್ಲಿ ನನ್ನ ಸೊಂಟವನ್ನೂ ಅಳೆಸಿದೆ. 98 ಸೆಂಟಿಮೀಟರ್. ಭಾರತೀಯ ಗಂಡಸರಿಗೆ ಮಿತಿ 90, ಹೆಂಗಸರಿಗೆ 80. ಬರಿಹೊಟ್ಟೆಯ ಸಕ್ಕರೆ 112, ಅಂದರೆ ಕಾಯಿಲೆಯ ಹೊಸ್ತಿಲು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಎಂಬ ನಮ್ಮ ಮೇಷ್ಟ್ರುಗಳ ಮೈಕಟ್ಟು ನನಗೂ ಇತ್ತು. ಪುಣೆಯ ಡಾ. ಸಿ.ಎಸ್. ಯಾಜ್ಞಿಕ್ ಬಹುಕಾಲದಿಂದ ಹೇಳುತ್ತ ಬಂದದ್ದು ಇದನ್ನೇ: ನೋಡಲು ತೆಳುವಾದ ಭಾರತೀಯನ ಒಳಗೆ ಕೊಬ್ಬು ಹೆಚ್ಚು. ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ, ತೊಂದರೆ ಇಲ್ಲವೆಂದಾದ ಮೇಲೆ ಮತ್ಸುಮೊಟೊದ ದಾರಿ ಹಿಡಿದೆ.

ಮೊದಲ ಆರು ವಾರ ಬರೀ ನಡಿಗೆ, ಕಡೂರಿನ ನಮ್ಮ ಬಡಾವಣೆಯ ರಸ್ತೆಯಲ್ಲಿ ದಿನಕ್ಕೆ ಅರ್ಧ ಗಂಟೆ. ಆಮೇಲೆ ಲೈಟುಕಂಬಗಳ ಲೆಕ್ಕ: ಒಂದು ಕಂಬದಿಂದ ಮುಂದಿನ ಕಂಬಕ್ಕೆ ಬಿರುಸು, ಮುಂದಿನ ಮೂರು ಕಂಬ ನಿಧಾನ. ಮೂರನೇ ತಿಂಗಳಿಗೆ ಮೂರು ನಿಮಿಷ ಬಿರುಸು, ಮೂರು ನಿಮಿಷ ನಿಧಾನಕ್ಕೆ ಬಂದೆ. ವಾರಕ್ಕೆ ಮೂರೇ ದಿನ, ನಡುವೆ ಒಂದೊಂದು ದಿನ ಬಿಟ್ಟು.

ಬಿರುಸು ಎಂದರೆ ಎಷ್ಟು? 220ರಲ್ಲಿ ವಯಸ್ಸು ಕಳೆದು ನಾಡಿಬಡಿತದ ಗರಿಷ್ಠ ಮಿತಿ ತೆಗೆಯುವ ಸೂತ್ರವೊಂದಿದೆ. ನನ್ನ 53ಕ್ಕೆ 167 ಬರುತ್ತದೆ, ಅದರ ಶೇಕಡ 85 ಎಂದರೆ 142. ಆದರೆ ಸೂತ್ರ ಸರಾಸರಿಯದು, ಒಬ್ಬೊಬ್ಬರಿಗೆ ಹತ್ತು-ಹದಿನೈದು ಬಡಿತ ಹೆಚ್ಚುಕಡಿಮೆ ಇರುತ್ತದೆ. ಬಿ.ಪಿ.ಯ ಕೆಲವು ಮಾತ್ರೆಗಳು ನಾಡಿಯನ್ನೇ ತಗ್ಗಿಸುತ್ತವೆ. ಇದಕ್ಕಿಂತ ಸುಲಭವಾದದ್ದು ಮಾತಿನ ಪರೀಕ್ಷೆ. ತರೀಕೆರೆಯಲ್ಲಿ ನಾನು ಏಳು ವರ್ಷ ಪಾಠ ಹೇಳಿದವನು. ಆ ಊರಿನ ಏರಿಯ ಮೇಲೆ ಕರಿ ಕುರಿಮರಿಗಳನ್ನು ಮೇಯಿಸುವ ನಾಲಗೆ ತೊಡಕಿನ ಸಾಲನ್ನು ಬಾಲ್ಯದಲ್ಲಿ ಹೇಳಿ ತಡವರಿಸದವರು ಯಾರಿದ್ದಾರೆ? ನಿಧಾನ ನಡಿಗೆಯಲ್ಲಿ ಆ ಸಾಲನ್ನು ಒಂದೇ ಉಸಿರಿಗೆ ಹೇಳಲು ಬರಬೇಕು. ಬಿರುಸಿನಲ್ಲಿ ಎರಡು ಮೂರು ಪದಕ್ಕೇ ಉಸಿರು ಬೇಕೆನಿಸಬೇಕು. ಒಂದು ಪದವೂ ಹೊರಡದಿದ್ದರೆ ನಿಮ್ಮ ವೇಗ ಅತಿಯಾಯಿತು. ಯಂತ್ರ ಬೇಡ, ಕೈಗಡಿಯಾರ ಬೇಡ.

ಇನ್ನು ಅಡುಗೆಮನೆಯ ಲೆಕ್ಕ. ಒಂದು ಕಿಲೋ ಮೈಕೊಬ್ಬು ಎಂದರೆ ಸುಮಾರು 7,700 ಕಿಲೋಕ್ಯಾಲರಿ. ವಾರಕ್ಕೆ ಮೂರು ಸಲ 200ರಂತೆ 600 ಖರ್ಚಾದರೆ ಒಂದು ಕಿಲೋಗೆ ಹದಿಮೂರು ವಾರ! ನಾನು ದಿನಕ್ಕೆ ನಾಲ್ಕು ಟೀ ಕುಡಿಯುತ್ತಿದ್ದೆ, ಲೋಟಕ್ಕೆ ಎರಡು ಚಮಚ ಸಕ್ಕರೆ. ಎಂಟು ಚಮಚಕ್ಕೆ ಸುಮಾರು 150, ವಾರಕ್ಕೆ 1,050. ಸಕ್ಕರೆ ಬಿಟ್ಟದ್ದರಿಂದ ಬಂದ ಲಾಭ ಮೂರು ದಿನದ ಬಿರುಸು ನಡಿಗೆಯ ಲಾಭಕ್ಕಿಂತ ದೊಡ್ಡದು. ಎರಡೂ ಸೇರಿದರೆ ಹದಿಮೂರು ವಾರ ಐದಕ್ಕಿಳಿಯುತ್ತದೆ. ಸಂಜೆಯ ಮಂಡಕ್ಕಿ-ಮೆಣಸಿನಕಾಯಿ ಬಜ್ಜಿಯನ್ನು ವಾರಕ್ಕೊಮ್ಮೆಗೆ ಇಳಿಸಿದೆ. ಪೂರ್ತಿ ಬಿಡಲಾಗಲಿಲ್ಲ. ರಾತ್ರಿ ಎರಡು ಮುದ್ದೆಯಲ್ಲಿ ಒಂದು ಕಡಿಮೆಯಾಗಿ, ಕಾಳಿನ ಸಾರು ಒಂದು ಸೌಟು ಹೆಚ್ಚಾಯಿತು.

ಮಕ್ಕಳ ಪಾಡೇ ಬೇರೆ

ಮೇಲಿನದೆಲ್ಲ ದೊಡ್ಡವರ ಲೆಕ್ಕ. ಬೆಳೆಯುವ ಮಕ್ಕಳಿಗೆ ಇದನ್ನು ಹಾಗೆಯೇ ಹೇರಬಾರದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು: 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯಬೇಕು, ವಾರದಲ್ಲಿ ಮೂರು ದಿನವಾದರೂ ಅದರಲ್ಲಿ ಬಿರುಸಿನ ಆಟವಿರಬೇಕು. ಕಬಡ್ಡಿ, ಖೊಖೊ, ಹಗ್ಗದಾಟ ಎಲ್ಲ ಇದಕ್ಕೆ ಸಲ್ಲುತ್ತವೆ. ದೈಹಿಕ ಶಿಕ್ಷಣದ ಪೀರಿಯಡ್ಡನ್ನು ಗಣಿತಕ್ಕೂ ವಿಜ್ಞಾನಕ್ಕೂ ಕೊಡಿಸಿಕೊಳ್ಳುವ ನಮ್ಮಂಥ ಮೇಷ್ಟ್ರುಗಳು ಇದನ್ನು ಓದಬೇಕು. ನಾನೂ ವರ್ಷಗಟ್ಟಲೆ ಕೊಡಿಸಿಕೊಂಡವನೇ.

ಮಗು ನಿಜಕ್ಕೂ ದಪ್ಪವಿದೆಯೇ ಎಂಬುದನ್ನು ಹೇಳಬೇಕಾದವರು ವೈದ್ಯರು. ಮದುವೆ ಮನೆಯ ನೆಂಟರಲ್ಲ. ದಪ್ಪವಿದ್ದರೂ ತಿಂಡಿ ಬಿಡಿಸುವುದು ಮದ್ದಲ್ಲ. ಇನ್ನು ಹೆಣ್ಣುಮಕ್ಕಳ ವಿಷಯದಲ್ಲಿ ಬಿರುಸಿನ ವ್ಯಾಯಾಮಕ್ಕೆ ಮೊದಲು ರಕ್ತ ನೋಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹದಿಹರೆಯದ ಹುಡುಗಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್ನೇ ಕಡಿಮೆಯಿದ್ದರೆ, ಆಕ್ಸಿಜನ್ನನ್ನು ಮಿತಿಮೀರಿ ಕೇಳುವ ಕಸರತ್ತು ಖಾಲಿ ಗಾಡಿಯ ಎತ್ತಿಗೆ ಚಾಟಿ ಬೀಸಿದಂತಲ್ಲ, ತುಂಬಿದ ಗಾಡಿಯ ಬಡಕಲು ಎತ್ತಿಗೆ ಬೀಸಿದಂತೆ. ಏದುಸಿರು, ಎದೆಬಡಿತ, ತಲೆಸುತ್ತು ಕಂಡರೆ 'ಅಭ್ಯಾಸ ಸಾಲದು' ಎಂದುಕೊಳ್ಳಬೇಡಿ.

ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆ ಎಲ್ಲಿಗೆ ಹೋಗುತ್ತದೆ ಎಂದು ನಾನು ಕಾಂಪೌಂಡಿನ ಹಿಂದೆ ಹೋಗಿ ನೋಡಿದೆ. ಹುಲ್ಲಿನಲ್ಲಿ ಚೆಲ್ಲಿದ್ದವು. ವಾಕರಿಕೆ ಬರುತ್ತದೆ ಎಂಬುದು ಮಕ್ಕಳ ದೂರು. ಊಟವಾದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ. ಹುರುಳಿ, ಸೊಪ್ಪು, ಕಾಳುಗಳ ಜೊತೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಒಳಸೇರುತ್ತದೆ, ಊಟದ ಬೆನ್ನಿಗೇ ಟೀ ಕುಡಿದರೆ ಸೇರುವುದಿಲ್ಲ. ಈಗ ಬಿಸಿಯೂಟದ ಆಮೇಲೆ, ನನ್ನ ಎದುರೇ ಮಾತ್ರೆ ನುಂಗಿಸುತ್ತೇನೆ.

ಆ ಹುಡುಗಿಗೆ ವೈದ್ಯರು ಬೇರೆ ಮಾತ್ರೆ ಬರೆದುಕೊಟ್ಟಿದ್ದರು. ನಾಲ್ಕು ತಿಂಗಳಿಗೆ ಹಿಮೋಗ್ಲೋಬಿನ್ 11.4 ಆಯಿತು. ಡಿಸೆಂಬರಿನಲ್ಲಿ ಖೊಖೊ ತಂಡಕ್ಕೆ ಸೇರಿದಳು. ಈಗ ತರೀಕೆರೆಯಲ್ಲಿ ಪಿ.ಯು. ಓದುತ್ತಿದ್ದಾಳೆ. ತೂಕ ಎಷ್ಟಾಯಿತೆಂದು ನಾನು ಕೇಳಿಲ್ಲ. ನನ್ನದು ಹೇಳುವುದಾದರೆ, ಒಂಬತ್ತು ತಿಂಗಳಲ್ಲಿ 76 ಕಿಲೋ 71 ಆಗಿದೆ, ಬರಿಹೊಟ್ಟೆಯ ಸಕ್ಕರೆ 99. ಪ್ಯಾಂಟುಗಳನ್ನು ದರ್ಜಿಯ ಬಳಿ ಹಿಡಿಸಿಕೊಂಡು ಬಂದೆ. ಸೊಂಟ 91, ಇನ್ನೂ ಒಂದು ಸೆಂಟಿಮೀಟರ್ ಬಾಕಿ.